ಮಾವನವರ ಮಣಿಕಟ್ಟಿನ ವಾಚು

ಕರವಸ್ತ್ರದ ಗಂಟು ಬಿಚ್ಚಿದ ಕೂಡಲೇ ಮೊದಲು ಬಂದದ್ದು ವಾಸನೆ. ವಿಭೂತಿಯದು, ಅದರೊಳಗೆ ಹಳೆಯ ಬೆವರಿನದು, ಅದಕ್ಕೂ ಕೆಳಗೆ ಎಲ್ಲೋ ಚರ್ಮದ ಪಟ್ಟಿಯದು. ಬೀರುವಿನ ಒಳಖಾನೆಯಲ್ಲಿ ನುಸಿಗುಳಿಗೆಗಳ ನಡುವೆ ಇಷ್ಟು ವರ್ಷ ಬಿದ್ದಿದ್ದರೂ ಆ ವಾಸನೆ ಹೋಗಿರಲಿಲ್ಲ. ಮಾವನವರೇ ಬಂದು ಬೆನ್ನ ಹಿಂದೆ ನಿಂತು, ಹೊತ್ತೆಷ್ಟಾಯಿತು ನೋಡಿದೆಯೇನಮ್ಮ ಎಂದು ಕೇಳಿದಂತಾಯಿತು. ಅರವತ್ತು ದಾಟಿದ ನಾನು, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಸೆರಗು ಸರಿಮಾಡಿಕೊಂಡೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ವಾಚನ್ನು ಹೊರಗೆ ತೆಗೆಸಿದ್ದು ಮಗಳು. ಮಾಘದಲ್ಲಿ ಅವಳ ಮದುವೆ. ನಮ್ಮಲ್ಲಿ ವರಪೂಜೆಯ ಹೊತ್ತಿಗೆ ಹೆಣ್ಣಿನ ಕಡೆಯವರು ಅಳಿಯನಿಗೆ ವಾಚು, ಉಂಗುರ ಹಾಕುವುದು ಪದ್ಧತಿ. ಹೊಸ ವಾಚನ್ನು ಯಾರು ಬೇಕಾದರೂ ಕೊಡುತ್ತಾರೆ, ತಾತನ ವಾಚನ್ನೇ ರಿಪೇರಿ ಮಾಡಿಸಿ ಕೊಡೋಣ ಎನ್ನುವುದು ಅವಳ ಹಟ. ಹುಡುಗನಿಗೂ ಹಳೆಯ ವಾಚೆಂದರೆ ಪ್ರಾಣವಂತೆ. ನಮ್ಮ ಯಜಮಾನರು, ಅಪ್ಪನೇ ಬಂದು ಆಶೀರ್ವಾದ ಮಾಡಿದ ಹಾಗಾಗುತ್ತದೆ ಎಂದು ಕಣ್ಣು ಒರೆಸಿಕೊಂಡರು. ಕಣ್ಣು ಒರೆಸಿಕೊಳ್ಳುವುದರಲ್ಲಿ ಅವರು ಮೊದಲಿನಿಂದಲೂ ಮುಂದು. ಆದರೆ ವಾಚು ನನ್ನ ಬೀರುವಿನದು. ಹೂಂ ಅನ್ನಬೇಕಾದವಳು ನಾನು.

ರಾಜಾಜಿನಗರದಲ್ಲಿ ಮೆಟ್ರೋ ಕಂಬಗಳ ನೆರಳಿಗೆ ಒಂದು ಪುಟ್ಟ ವಾಚ್ ಅಂಗಡಿಯಿದೆ. ಗಡ್ಡ ಬಿಟ್ಟ ಯುವಕನೊಬ್ಬ ನಡೆಸುತ್ತಾನೆ. ಹಳೆಯ ವಾಚುಗಳನ್ನು ಹೊಸದು ಮಾಡಿ ಫೋನಿನಲ್ಲಿ ವಿಡಿಯೋ ಹಾಕುತ್ತಾನಂತೆ, ಮಗಳು ಅದನ್ನು ನೋಡಿಯೇ ನನ್ನನ್ನು ಅಲ್ಲಿಗೆ ಅಟ್ಟಿದ್ದು. ಅವನು ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಒಳಗೆಲ್ಲ ಏನೋ ಪೌಡರ್ ತುಂಬಿಕೊಂಡಿದೆ ಆಂಟಿ ಎಂದ. ನಾನು ಬಗ್ಗಿ ನೋಡಿದೆ. ವಿಭೂತಿ. ಮಾವನವರು ಬೆಳಿಗ್ಗೆ ಸಂಜೆ ಹಣೆಗೆ, ತೋಳಿಗೆ, ಮಣಿಕಟ್ಟಿಗೆ ಮೂರೆಳೆ ವಿಭೂತಿ ಧರಿಸುತ್ತಿದ್ದರು. ಸ್ನಾನಕ್ಕೆ ಬಿಚ್ಚಿದ ವಾಚನ್ನು ಪೂಜೆಗೆ ಕೂರುವ ಮೊದಲೇ ಕಟ್ಟಿಕೊಂಡು ಬಿಡುತ್ತಿದ್ದರು, ಯಾಕೆಂದರೆ ಪೂಜೆಯೂ ಹೊತ್ತಿಗೆ ಸರಿಯಾಗಿ ಮುಗಿಯಬೇಕಿತ್ತು. ಕೀ ಕೊಡುವ ಗುಂಡಿಯ ಸಂದಿಯಿಂದ ಬೂದಿ ಒಳಗಿಳಿದು ಇಳಿದು, ಕೊನೆಗೆ ವಾಚು ನಿಂತುಹೋಗಿತ್ತು.

ಬರೀ ಕ್ಲೀನ್ ಮಾಡಿ ಓಡಿಸಬಹುದು, ಇಲ್ಲವೇ ಡಯಲ್, ಗಾಜು ಬದಲಾಯಿಸಿ, ಪಾಲಿಶ್ ಹಾಕಿ ಹೊಸದರ ಹಾಗೆ ಮಾಡಿಕೊಡಬಹುದು ಎಂದ ಅವನು. ವಾಚು ಇಲ್ಲೇ ಇರಲಿ, ಯೋಚಿಸಿ ಹೇಳುತ್ತೇನೆ ಎಂದೆ. ಇದರಲ್ಲಿ ಯೋಚಿಸುವುದು ಏನಿದೆ ಎನ್ನುವಂತೆ ನನ್ನ ಮುಖ ನೋಡಿ, 'ಯಾರ್ದು ಆಂಟಿ ಈ ವಾಚು?' ಎಂದು ಕೇಳಿದ. ನಮ್ಮ ಮಾವನವರದು ಎಂದುಬಿಟ್ಟೆ. ಆಟೋದಲ್ಲಿ ಬಸವೇಶ್ವರನಗರಕ್ಕೆ ಬರುವವರೆಗೂ ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಲೇ ಇತ್ತು. ಯಾಕೆಂದರೆ ಅದು ಮಾವನವರ ವಾಚಲ್ಲ. ನಮ್ಮಪ್ಪ ಕೊಂಡ ವಾಚು.

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನನ್ನ ಮದುವೆ ಗೊತ್ತಾದಾಗ, ಅಳಿಯನಿಗೆ ಬೆಂಗಳೂರಿನ ಕಾರ್ಖಾನೆಯ ವಾಚನ್ನೇ ಹಾಕಬೇಕೆಂದು ಅವರಿಗೆ ಆಸೆ. ಆಗ ಆ ವಾಚು ಅಂಗಡಿಗೆ ಹೋಗಿ ಕೇಳಿದರೆ ಸಿಗುತ್ತಿರಲಿಲ್ಲ, ಹೇಳಿಟ್ಟು ಕಾಯಬೇಕಿತ್ತು. ಮಂಡಿಗೆ ಬರುವ ಲಾರಿಯವರಿಗೆಲ್ಲ ಹೇಳಿ, ಕೊನೆಗೆ ಯಾರದೋ ಕೈಕಾಲು ಹಿಡಿದು ತರಿಸಿದರು. ಬಿಳಿ ಮುಖ, ಕಪ್ಪು ಅಂಕಿಗಳು, ಕಂದು ಪಟ್ಟಿ. ಡಬ್ಬಿಯಿಂದ ತೆಗೆದು ನನ್ನ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿಸಿದ್ದರು. ನೀವೊಂದು ಸಲ ಕಟ್ಟಿ ನೋಡಿ ಎಂದು ಅಮ್ಮ ಎಷ್ಟು ಹೇಳಿದರೂ ಕಟ್ಟಲಿಲ್ಲ. ಅಳಿಯನಿಗೆ ಕೊಡುವುದನ್ನು ಮುಟ್ಟಿ ಮೈಲಿಗೆ ಮಾಡಬಾರದು ಎಂದರು. ಅವರಿಗೆ ಸ್ವಂತ ವಾಚು ಎಂಬುದು ಹುಟ್ಟಿದಾಗಿನಿಂದ ಇರಲಿಲ್ಲ. ಮಂಡಿಯ ಗಂಟೆಯೇ ಅವರ ಗಡಿಯಾರ.

ವರಪೂಜೆಯಲ್ಲಿ ಆ ವಾಚು ನಮ್ಮ ಯಜಮಾನರ ಕೈಗೆ ಬಂತು. ಇದ್ದದ್ದು ಅಲ್ಲಿಂದ ಬೀಗರೂಟದವರೆಗೆ. ನಾನು ಈ ಮನೆಗೆ ಬಂದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಮಾವನವರು ತಿಂಡಿ ತಿನ್ನುತ್ತ ಮಗನ ಕೈಯನ್ನು ನೋಡಿ, 'ನಿಂಗೆ ಆಫೀಸಲ್ಲಿ ಗೋಡೆ ಗಡಿಯಾರ ಇದೆಯಲ್ಲೋ' ಎಂದರು. ಅಷ್ಟೇ. ಇವರು ಬಿಚ್ಚಿ ಕೊಟ್ಟರು. ಉಪ್ಪಿಟ್ಟಿನ ತಟ್ಟೆಯ ಪಕ್ಕದಿಂದ ವಾಚು ಆ ಕೈಗೆ ಹೋದದ್ದನ್ನು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಇವರು ಫುಟ್‌ಪಾತಿನಲ್ಲಿ ಒಂದು ಪ್ಲಾಸ್ಟಿಕ್ ವಾಚು ಕೊಂಡರು, ರಾತ್ರಿ ದೀಪ ಹತ್ತುವಂಥದು. ಅದನ್ನು ಮಗುವಿನ ಹಾಗೆ ನನಗೆ ಹೊತ್ತಿಸಿ ತೋರಿಸಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮಾವನವರು ಕೆಟ್ಟವರು ಎಂದು ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು, ಒಬ್ಬರ ಹತ್ತಿರ ಒಂದು ಕಾಫಿ ಕುಡಿಯದೆ ನಿವೃತ್ತರಾದವರು. ಬಿಳಿ ಪಂಚೆ, ಬಿಳಿ ಷರ್ಟು, ಹಣೆಯ ತುಂಬ ವಿಭೂತಿ. ಬೆಳಿಗ್ಗೆ ಹಾಲಿನ ಬೂತಿಗೆ ಹೊರಟರೆ ಅವರನ್ನು ನೋಡಿಕೊಂಡು ಗಡಿಯಾರ ಸರಿಮಾಡಿಕೊಳ್ಳಬಹುದು ಎಂದು ಬೀದಿಯವರು ಹೇಳುತ್ತಿದ್ದರು. ಕೆಲವರು ನಿಜವಾಗಿಯೂ ಸರಿಮಾಡಿಕೊಳ್ಳುತ್ತಿದ್ದರು. ಬಾಗೇವಾಡಿಯ ಕಡೆಯ ನೆಂಟರಿಂದ ಕೆಂಗೇರಿಯ ನೆಂಟರವರೆಗೆ ಎಲ್ಲರಿಗೂ ಅವರೆಂದರೆ ಶಿಸ್ತು, ಶಿಸ್ತೆಂದರೆ ಅವರು.

ಹೊರಗಿನವರಿಗೆ ಶಿಸ್ತಾಗಿ ಕಂಡದ್ದು ನನಗೆ ಬೇರೆಯಾಗಿ ಕಾಣುತ್ತಿತ್ತು. ತರಕಾರಿಗೆಂದು ವಿಜಯನಗರದ ಮಾರುಕಟ್ಟೆಗೆ ಹೋಗಿ ಬಂದರೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಬೈಯುತ್ತಿರಲಿಲ್ಲ. ಷರ್ಟಿನ ಎಡತೋಳನ್ನು ಸ್ವಲ್ಪ ಮೇಲಕ್ಕೆ ಎಳೆದು, ವಾಚು ನೋಡಿ, ನನ್ನನ್ನು ನೋಡಿ, ಒಳಗೆ ಹೋಗುತ್ತಿದ್ದರು. ಒಂದು ಬೈಗುಳವಾದರೂ ಆಗಿದ್ದರೆ ಮನಸ್ಸಿನಲ್ಲೇ ತಿರುಗಿ ಬೈದು ಹಗುರವಾಗುತ್ತಿದ್ದೆ. ಕುಕ್ಕರಿನ ಸೀಟಿಗೆ, ಪಕ್ಕದ ಮನೆಯವಳ ಜೊತೆ ಕಾಂಪೌಂಡಿನ ಹತ್ತಿರ ಆಡಿದ ಎರಡು ಮಾತಿಗೆ, ತಲೆಗೆ ನೀರು ಹಾಕಿಕೊಂಡು ಬರುವುದಕ್ಕೆ… ಎಲ್ಲಕ್ಕೂ ಆ ತೋಳು ಮೇಲೆ ಹೋಗುತ್ತಿತ್ತು. ರೇಡಿಯೋ ವಾರ್ತೆಯ ಹೊತ್ತಿಗೂ ಅವರ ವಾಚಿಗೂ ಹೊಂದುತ್ತಿರಲಿಲ್ಲ, ವಾಚು ಯಾವಾಗಲೂ ಮುಂದೆ. ಯಾರಾದರೂ ಹೇಳಿದರೆ, ರೇಡಿಯೋದವರು ಸರ್ಕಾರಿ ನೌಕರರಲ್ಲವೇ, ನಿಧಾನ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವರ ವಾಚಿನ ಮೇಲೆ ಅವರಿಗೆ ಅಂಥ ನಂಬಿಕೆ ಎಂದು ನಾನೂ ತಿಳಿದಿದ್ದೆ.

ಇನ್ನೂ ಒಂದು ವಿಚಿತ್ರವಿತ್ತು. ಮಾವನವರು ಪ್ರತಿದಿನ ಸಂಜೆ ವಚನ ಓದುತ್ತಿದ್ದರು. ದಿನ, ವಾರ, ತಿಥಿ ನೋಡಬೇಡವೆಂದು ಶರಣರು ಹೇಳಿದ್ದನ್ನು ನಮಗೆಲ್ಲ ಅರ್ಥ ಬಿಡಿಸಿ ಹೇಳುತ್ತಿದ್ದರು. ಆದರೆ ನಾನು ತವರಿಗೆ ಹೊರಡುವ ಮಾತು ಬಂದರೆ ಸಾಕು, ಎಲ್ಲಿಂದಲೋ ರಾಹುಕಾಲ ಬರುತ್ತಿತ್ತು, ಮಂಗಳವಾರ ಶುಕ್ರವಾರಗಳು ಬರುತ್ತಿದ್ದವು. ಬಾಯಲ್ಲಿ ವಚನ, ಮಣಿಕಟ್ಟಿನಲ್ಲಿ ರಾಹುಕಾಲ.

ಅದು ಗುರುವಾರ. ನಮ್ಮಪ್ಪ ಬೆಳಗಿನ ಬಸ್ಸಿಗೆ ಬಂದಿದ್ದರು. ಅಮ್ಮನಿಗೆ ತುಂಬಾ ದಿನದಿಂದ ಜ್ವರ, ಈಗ ಊಟ ಬಿಟ್ಟಿದ್ದಾಳೆ, ನಿನ್ನ ಹೆಸರು ಹಿಡಿದು ಕೇಳುತ್ತಾಳೆ, ನಾಲ್ಕು ದಿನ ಇದ್ದು ಬರುವೆಯಂತೆ ಎಂದರು. ನಾನು ಚೀಲಕ್ಕೆ ಸೀರೆ ತುಂಬಿಕೊಂಡೆ. ಮಾವನವರು ಬೇಡ ಅನ್ನಲಿಲ್ಲ. ಊಟ ಮಾಡಿಕೊಂಡೇ ಹೊರಡಬೇಕೆಂದು ಒತ್ತಾಯ ಮಾಡಿದರು. ಬೀಗರೆಂದು ಪಾಯಸ ಮಾಡಿಸಿದರು. ಅಪ್ಪ ಗಬಗಬನೆ ಉಂಡು, ಕೈ ತೊಳೆದು, ಚೀಲ ಎತ್ತಿಕೊಂಡರು. ನಾನು ಹೊಸ್ತಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಗ ಮಾವನವರ ತೋಳು ಮೇಲೆ ಹೋಯಿತು.

'ರಾಹುಕಾಲ ಬಂದುಬಿಡ್ತಲ್ಲ ಬೀಗ್ರೆ. ಒಂದೂವರೆ ಆಯ್ತು. ಮೂರು ಗಂಟೆ ಮೇಲೆ ಹೊರಟ್ರಾಯ್ತು, ಕೂತ್ಕೊಳಿ.'

ಅಪ್ಪ ಚೀಲ ಕೆಳಗಿಟ್ಟರು. ನಾನು ಚಪ್ಪಲಿ ಬಿಚ್ಚಿದೆ. ಅಪ್ಪ ಕುರ್ಚಿಯಲ್ಲಿ ಕೂತು, ಮಾವನವರು ಎಲೆಅಡಿಕೆ ತಟ್ಟೆ ಮುಂದಕ್ಕೆ ಸರಿಸಿ, ತಿಪಟೂರಿನ ಕೊಬ್ಬರಿ ಧಾರಣೆ ಕೇಳಿ, ಅಪ್ಪ ಅದಕ್ಕೆ ಉತ್ತರ ಹೇಳಿ… ಅಷ್ಟೆಲ್ಲ ಆದ ಮೇಲೆ ಮಾಗಡಿ ರಸ್ತೆಯ ಕಡೆಯಿಂದ ಮಿಲ್ಲಿನ ಸೈರನ್ ಕೂಗಿತು. ಮಧ್ಯಾಹ್ನ ಒಂದೂವರೆಗೆ ಕೂಗುವ ಸೈರನ್ ಅದು. ಸುತ್ತಮುತ್ತಲ ಮನೆಗಳಿಗೆಲ್ಲ ಗೊತ್ತು, ಬಂದು ಹೋಗಿ ನಮ್ಮಪ್ಪನಿಗೂ ಗೊತ್ತಿತ್ತು. ಹೊರಡುವುದಕ್ಕೆ ಹೊತ್ತಿತ್ತು, ನಾವು ಬೀದಿಯ ತುದಿಯ ಬಸ್‌ಸ್ಟಾಪು ತಲುಪಿರುತ್ತಿದ್ದೆವು. ಅಪ್ಪ ತಲೆಯೆತ್ತಿ ಮಾವನವರನ್ನು ನೋಡಿದರು. ಮಿಲ್ಲಿನವರದು ದಿನಾ ಲೇಟು ಎಂದರು ಮಾವನವರು. ಅಪ್ಪ ತಮ್ಮ ಎಡಗೈ ನೋಡಿಕೊಂಡರು. ಅಲ್ಲಿ ಏನೂ ಇರಲಿಲ್ಲ, ಬರೀ ಮಣಿಕಟ್ಟು. ಅದನ್ನು ಬಲಗೈಯಿಂದ ಮೆಲ್ಲಗೆ ಮುಚ್ಚಿಕೊಂಡು, ಎದುರಿನ ಕೈಯಲ್ಲಿದ್ದ ವಾಚನ್ನು ನೋಡುತ್ತ ಕೂತರು. ಅದನ್ನು ಯಾರು ಕೊಂಡದ್ದು ಎಂದು ಹೇಳುವ ಜಾಯಮಾನ ಅವರದಲ್ಲ. ಕೊಟ್ಟ ಮೇಲೆ ಮುಗಿಯಿತು, ಹೆಣ್ಣೂ ಅಷ್ಟೆ, ವಾಚೂ ಅಷ್ಟೆ.

ಮೂರರ ಮೇಲೆ ಹೊರಡುವ ಮಾತು ಬಂದಾಗ ಬಸ್ಸು ಮುಟ್ಟುವುದು ಕತ್ತಲೆಗೆ, ಮನೆ ಸೊಸೆ ಕತ್ತಲಲ್ಲಿ ಓಡಾಡುವುದು ಬೇಡ ಎಂದಾಯಿತು. ನಾಳೆ ಶುಕ್ರವಾರ, ಲಕ್ಷ್ಮಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಶನಿವಾರ ಮಗನೇ ಕರೆದುಕೊಂಡು ಬರುತ್ತಾನೆ, ನೀವು ನೆಮ್ಮದಿಯಾಗಿ ಹೋಗಿ ಎಂದರು. ಪ್ರತಿಯೊಂದು ಮಾತೂ ಮರ್ಯಾದೆಯ ಮಾತೇ. ಅಪ್ಪ ಒಬ್ಬರೇ ಹೋದರು. ಗೇಟಿನ ಹತ್ತಿರ ನನ್ನ ತಲೆ ಸವರಿ, ಅವಳಿಗೆ ಹೇಳುತ್ತೀನಿ ಬಿಡು ಎಂದರು. ಏನು ಹೇಳುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಎದುರುಮನೆಯ ಫೋನಿಗೆ ಅಮ್ಮ ಹೋದ ಸುದ್ದಿ ಬಂತು. ಆಗ ಲಕ್ಷ್ಮಿಯನ್ನು ಹೊಸ್ತಿಲು ದಾಟಿಸಲು ಯಾರ ಅಡ್ಡಿಯೂ ಬರಲಿಲ್ಲ. ಮಾವನವರೇ ಟ್ಯಾಕ್ಸಿ ಮಾಡಿಸಿದರು, ತಾವೂ ಬಂದರು. ಮಾರನೆಯ ದಿನ ಅಮ್ಮನನ್ನು ನಮ್ಮ ಪದ್ಧತಿಯಂತೆ ಅಂಗಳದಲ್ಲಿ ಕೂರಿಸಿದ್ದಾಗ ನಾನು ಅವಳ ಕೈ ಹಿಡಿದುಕೊಂಡು ಬಿಡಲಿಲ್ಲವಂತೆ. ಮಣ್ಣಿಗೆ ಹೊತ್ತಾಗುತ್ತದೆ ಎಂದು ಎಲ್ಲರಿಗಿಂತ ಮೊದಲು ಹೇಳಿದವರು ಮಾವನವರು. ತೋಳು ಮೇಲಕ್ಕೆಳೆದು ತೋರಿಸಿದರು ಕೂಡ.

ಅಷ್ಟಾದ ಮೇಲೂ ನಾನು ಈ ಮನೆಯಲ್ಲೇ ಬಾಳಿದೆ. ಹೇಗೆ ಬಾಳಿದೆ ಎಂದು ಈಗಿನ ಹುಡುಗಿಯರು ಕೇಳಬಹುದು, ಕೇಳಲಿ. ನನಗೆ ನಾನೇ ಒಂದು ಸಮಾಧಾನ ಮಾಡಿಕೊಂಡಿದ್ದೆ. ಅವರು ಬೇಕೆಂದು ಮಾಡಲಿಲ್ಲ, ಮೊಂಡು ಮನುಷ್ಯ, ಕೈಯಲ್ಲಿದ್ದ ವಾಚನ್ನು ದೇವರೆಂದು ನಂಬಿದ್ದರು, ವಾಚು ತಪ್ಪಿತು, ಅವರು ತಪ್ಪಿದರು. ಈ ಒಂದು ಮಾತಿನ ಆಸರೆಯಲ್ಲಿ ನಾನು ಅವರಿಗೆ ಅನ್ನ ಬಡಿಸಿದೆ. ಕೊನೆಗೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, ದಿನಾ ಬೆಳಿಗ್ಗೆ ಆ ವಾಚಿಗೆ ಕೀ ಕೊಟ್ಟು ಎಡಗೈಗೆ ಕಟ್ಟಿದವಳೂ ನಾನೇ. ಮಾತು ತೊದಲುತ್ತಿದ್ದರೂ ವಾಚು ಕಟ್ಟಿದ್ದು ಬಿಗಿಯಾಯಿತು, ಸಡಿಲವಾಯಿತು ಎಂದು ಸನ್ನೆ ಮಾಡುತ್ತಿದ್ದರು. ಹಾಗೆ ಒಂದು ದಿನ ಅದು ನಿಂತಿತು. ಅದಾಗಿ ಸ್ವಲ್ಪ ದಿನಕ್ಕೆ ಅವರೂ ಹೋದರು. ಪಾಲು ಮಾಡಿದಾಗ ಕೆಂಗೇರಿಯ ಸೈಟು ಇವರ ಅಣ್ಣನಿಗೆ, ಅತ್ತೆಯ ಒಡವೆ ಓರಗಿತ್ತಿಗೆ, ಓಡದ ವಾಚು ನನಗೆ. ಯಾರೂ ಬೇಡವೆಂದದ್ದಕ್ಕೆ ಅದು ನನ್ನ ಪಾಲಿಗೆ ಬಂತು. ಬರಬೇಕಾದವಳಿಗೇ ಬಂತು ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಮಗಳಿಗೆ ಇದ್ಯಾವುದೂ ಗೊತ್ತಿಲ್ಲ. ನಮ್ಮಮ್ಮ ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದವಳು. ಅವಳ ಮಟ್ಟಿಗೆ ತಾತ ಎಂದರೆ ಕೈ ಹಿಡಿದು ಸ್ಕೂಲಿಗೆ ಬಿಟ್ಟು ಬರುತ್ತಿದ್ದ, ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಕೊಡುತ್ತಿದ್ದ ತಾತ. ಅದೂ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ರಿಪೇರಿಯ ವಿಷಯದಲ್ಲಿ ನನ್ನ ಮನಸ್ಸು ಹೂಂ ಅನ್ನುವ ಕಡೆಗೇ ವಾಲುತ್ತಿತ್ತು. ಬೂದಿಯೆಲ್ಲ ತೆಗೆಸಿ, ಹೊಸ ಮುಖ ಹಾಕಿಸಿ ಅಳಿಯನ ಕೈಗೆ ಕಟ್ಟಿದರೆ, ನಮ್ಮಪ್ಪ ಅಂದುಕೊಂಡದ್ದು ಒಂದು ತಲೆಮಾರು ತಡವಾಗಿಯಾದರೂ ನಡೆದಂತಾಗುತ್ತದೆ. ವರಪೂಜೆಯ ದಿನ, ಇದು ನನ್ನ ತವರಿನ ವಾಚು ಎಂದು ಎಲ್ಲರೆದುರು ಒಂದು ಮಾತು ಹೇಳಿದರಾಯಿತು ಎಂದುಕೊಂಡಿದ್ದೆ.

ಮೊನ್ನೆ ಸಂಜೆ ನಾನೂ ಮಗಳೂ ಹಿತಕವರೆ ಹಿಸುಕುತ್ತ ಕೂತಿದ್ದೆವು. ಅವಳು ಮಾತಿನ ನಡುವೆ, ಅಂಗಡಿಯವನಿಗೆ ಒಂದು ವಿಷಯ ಮರೆಯದೆ ಹೇಳಬೇಕು ಎಂದಳು. ವಾಚು ರಿಪೇರಿಯಾದ ಮೇಲೆ ಟೈಮನ್ನು ಸರಿಯಾಗಿ ಇಡಬಾರದಂತೆ, ಹತ್ತು ನಿಮಿಷ ಮುಂದೆ ಇಡಬೇಕಂತೆ. ಅವರೆಕಾಳು ನನ್ನ ಬೆರಳಲ್ಲೇ ಉಳಿಯಿತು. ಯಾಕೆ ಎಂದೆ.

'ತಾತ ನಂಗೆ ಟೈಮ್ ನೋಡೋದು ಹೇಳ್ಕೊಟ್ಟಿದ್ದೇ ಹಾಗಲ್ವಾಮ್ಮ' ಎಂದು ಅವಳು ನಕ್ಕಳು. 'ಪುಟ್ಟೀ, ಇದು ಹತ್ತು ನಿಮಿಷ ಮುಂದಿದೆ, ಹತ್ತು ಕಳೆದು ಹೇಳು ಅಂತಿದ್ರು. ಕೈಗೆ ಬಂದ ದಿನದಿಂದ ನಾನೇ ಹೀಗೆ ಇಟ್ಟಿದೀನಿ, ಮನೇಲಿ ಯಾರ್ಗೂ ಹೇಳ್ಬೇಡ, ನಮ್ಮಿಬ್ರ ಗುಟ್ಟು ಅಂತ. ನಾನು ಇವತ್ತಿನವರೆಗೂ ಯಾರ್ಗೂ ಹೇಳಿಲ್ಲ ಗೊತ್ತಾ.'

ಹೆಮ್ಮೆಯಿಂದ ಹೇಳಿದಳು. ಮಗುವಾಗಿದ್ದಾಗಿನ ಗುಟ್ಟನ್ನು ಇಷ್ಟು ವರ್ಷ ಕಾಪಾಡಿದ ಹೆಮ್ಮೆ. ಮನೆಯವರು ಯಾವುದಕ್ಕೂ ತಡಮಾಡದಿರಲಿ ಎಂದು ಹಾಗೆ ಇಟ್ಟಿದ್ದರಂತೆ, ಎಷ್ಟು ಜಾಣ ಅಲ್ಲವಾ ತಾತ ಎಂದಳು. ನಾನು ಸಿಪ್ಪೆಯನ್ನೂ ಕಾಳನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದೆ. ಅವಳು ನೋಡಿ ನನ್ನ ಕೈ ಹಿಡಿದಳು.

ಹಾಗಾದರೆ ಅವರಿಗೆ ಗೊತ್ತಿತ್ತು. ಸೈರನ್ ಕೂಗುವ ಮೊದಲೇ ಗೊತ್ತಿತ್ತು. ಕೂಗಿದಾಗ, ಮಿಲ್ಲಿನವರದು ಲೇಟು ಎಂದು ವೀಳ್ಯದೆಲೆಗೆ ಸುಣ್ಣ ಸವರುತ್ತ ಹೇಳಿದಾಗಲೂ ಗೊತ್ತಿತ್ತು. ನಮ್ಮಪ್ಪ ಬರಿಗೈ ನೋಡಿಕೊಂಡಾಗ ಮಾವನವರು ಹತ್ತು ಕಳೆದು ಲೆಕ್ಕ ಹಾಕಿಯೇ ಕೂತಿದ್ದರು. ನಂಬಿ ತಪ್ಪಿದ ಮೊಂಡ ಎಂದು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನುಷ್ಯ ಇರಲೇ ಇಲ್ಲ. ಇಲ್ಲದ ಅವನ ಹೆಸರಿನಲ್ಲಿ ಅಷ್ಟು ವರ್ಷ ಅನ್ನ ಬಡಿಸಿದ್ದೆ, ಕೀ ಕೊಟ್ಟಿದ್ದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಬಂದ ಸಿಟ್ಟಿಗೆ ಅವರು ಸತ್ತದ್ದೇ ಒಂದು ಅನ್ಯಾಯವೆನ್ನಿಸಿತು.

ಮಗಳಿಗೆ ಅವತ್ತೇ ಎಲ್ಲ ಹೇಳಿದೆ. ಹೇಳಬಾರದಿತ್ತೇನೋ ಎಂದು ಯಾರಾದರೂ ಅನ್ನಬಹುದು. ಗುರುವಾರ, ಪಾಯಸ, ಸೈರನ್, ಶುಕ್ರವಾರದ ಫೋನು… ಒಂದೂ ಬಿಡಲಿಲ್ಲ. ಯಜಮಾನರು ಹಾಲ್‌ನಿಂದ ಎದ್ದು ಬಂದು, ಈಗ ಯಾಕೆ ಅದೆಲ್ಲ, ಅಪ್ಪನ ವಾಚು ಕಣೇ, ನೆನಪಿಗೆ ಇರಲಿ ಅಂತ ಅಲ್ವಾ ಎಂದರು.

'ಅದು ನಿಮ್ಮಪ್ಪನ ವಾಚಲ್ಲ' ಎಂದೆ. 'ನಮ್ಮಪ್ಪನ ವಾಚು.'

ಈ ಮನೆಗೆ ಬಂದಾಗಿನಿಂದ ನಾಲಿಗೆಯ ತುದಿಯಲ್ಲಿದ್ದ ಮಾತು. ಆಡಿದ್ದು ಈಗ, ಕೇಳಬೇಕಾದ ಇಬ್ಬರೂ ಹೋದ ಮೇಲೆ. ಯಜಮಾನರು ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಹೊರಗೆ ಹೋದರು. ಮಗಳು ತುಂಬ ಹೊತ್ತು ಪಾತ್ರೆಯಿಂದ ಸಿಪ್ಪೆ ಆರಿಸುತ್ತ ಕೂತಿದ್ದಳು. ಆಮೇಲೆ ತಲೆಯೆತ್ತದೆ, ಹೊಸದು ತಗೊಳೋಣ ಬಿಡಮ್ಮ ಎಂದಳು. ಅವಳ ದನಿ ಸಣ್ಣ ಮಗುವಿನದಾಗಿತ್ತು. ಅವಳಿಂದ ತಾತನನ್ನು ಕಿತ್ತುಕೊಂಡ ಹಾಗಾಯಿತು. ಅದರಿಂದ ನನಗೆ ನಮ್ಮಮ್ಮನೇನೂ ವಾಪಸು ಸಿಗಲಿಲ್ಲ.

ಇವತ್ತು ಅಂಗಡಿಗೆ ಹೋಗಿ ರಿಪೇರಿ ಬೇಡ ಎಂದೆ. ಅವನಿಗೆ ಬೇಸರವಾಯಿತು. ಇಷ್ಟು ಒಳ್ಳೆಯ ಮಾಲು ಎಲ್ಲೂ ಸಿಗುವುದಿಲ್ಲ, ಬರೀ ಬೂದಿ ತೆಗೆದರೂ ಕರೆಕ್ಟ್ ಟೈಮ್ ತೋರಿಸುತ್ತದೆ ಆಂಟಿ ಎಂದ. ಕರೆಕ್ಟ್ ಟೈಮ್ ಬೇಕಾಗಿದ್ದ ದಿನ ಒಂದಿತ್ತಪ್ಪ, ಅದು ಹೋಯಿತು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಮುಚ್ಚಳ ಹಾಕಿ ಕೊಟ್ಟ. ಓಡುವ ಹಾಗೆ ಮಾಡಿಸಿದರೆ ಅದು ಮತ್ತೆ ಯಾವುದೋ ಕೈಗೆ ಏರುತ್ತದೆ, ತಾತನ ಶಿಸ್ತಿನ ಕಥೆಯೂ ಅದರ ಜೊತೆಗೇ ಏರುತ್ತದೆ. ನನ್ನ ಕೈಯಿಂದ ಇನ್ನು ಅದಕ್ಕೆ ಕೀ ಇಲ್ಲ.

ಮನೆಗೆ ಬಂದು, ಮಲಗುವ ಕೋಣೆಯ ಗೋಡೆಯಲ್ಲಿರುವ ಅಪ್ಪನ ಫೋಟೋದ ಮುಂದೆ ನಿಂತೆ. ಮಂಡಿಯ ಬಾಗಿಲಲ್ಲಿ ತೆಗೆದದ್ದು, ತಕ್ಕಡಿಯ ಸರಪಳಿ ಹಿಡಿದು ನಿಂತಿದ್ದಾರೆ, ಅರ್ಧ ತೋಳಿನ ಅಂಗಿ. ವಾಚನ್ನು ಅಲ್ಲೇ, ಫೋಟೋದ ಕೆಳಗಿನ ಹಲಗೆಯ ಮೇಲೆ ಇಡೋಣವೆಂದು ಹೋದೆ. ಹತ್ತಿರ ಒಯ್ದಾಗ ಮತ್ತೆ ಆ ವಾಸನೆ ಬಂತು, ವಿಭೂತಿಯದು, ಬೆವರಿನದು. ಪಟ್ಟಿಯ ಮಡಿಕೆ ಕೂಡ ಮಾವನವರ ಕೈಯ ಅಳತೆಗೇ ಬಾಗಿ ಕೂತಿತ್ತು. ಅಪ್ಪನ ಮುಂದೆ ಅದನ್ನು ಇಡಲು ಮನಸ್ಸು ಒಪ್ಪಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ಮತ್ತೆ ಬೀರುವಿಗೆ ಹಾಕಿದೆ. ನಮ್ಮಪ್ಪ ಅದನ್ನು ಒಂದು ಸಲವಾದರೂ ಕಟ್ಟಿ ನೋಡಬೇಕಿತ್ತು.